ಬೈಕಿಗೆ ಕೊಕ್ಕೆ ಹಗ್ಗದಲ್ಲಿ ಬ್ಯಾಗ್ ಕಟ್ಟುವವರು ದಯವಿಟ್ಟು ಓದಿ

ದಿಢೀರ್ ಅಂತ ಬೈಕ್ ಹತ್ತಿ ಹೊರಡುವ ಅಭ್ಯಾಸ ಇರುವವರು ಇದನ್ನು ಪೂರ್ತಿ ಓದಿ. ಎರಡೂ ತುದಿಗೆ ಕಬ್ಬಿಣದ ಕೊಕ್ಕೆ ಇರುವ ಇಲಾಸ್ಟಿಕ್ ಹಗ್ಗ, ಬಂಜಿ ಅಂತ ಅಂಗಡಿಗಳಲ್ಲಿ ನೇತಾಡಿಸಿರುತ್ತಾರಲ್ಲ, ಅದರಲ್ಲಿ ಬ್ಯಾಗ್ ಕಟ್ಟಿಕೊಂಡು ಹೋಗಬೇಡಿ. ಓಡುತ್ತಿದ್ದ ನಮ್ಮ ಬೈಕಿನ ಹಿಂದಿನ ಚಕ್ರವನ್ನು ಆ ಹಗ್ಗ ಹಿಡಿದು ನಿಲ್ಲಿಸಿತು. ಆ ಹೊತ್ತಿಗೆ ಎದುರಿನಿಂದ ಒಂದು ಗಾಡಿ ಬಂದಿದ್ದರೆ ನಾನೂ ಭಾವನೂ ಇವತ್ತು ಇರುತ್ತಿರಲಿಲ್ಲ.

ಕಳೆದ ಮಳೆಗಾಲದ ಕೊನೆಯ ವಿಷಯ ಇದು. ಬಿಡದೆ ಸುರಿಯುತ್ತಿದ್ದ ಮಳೆ ಶನಿವಾರ ಸಂಜೆ ನಿಂತಿತು. ಭಾವ ಫೋನ್ ಮಾಡಿ "ನಾಳೆ ತಲಕಾವೇರಿಗೆ ಹೋಗುವನಾ?" ಅಂದರು. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಮುಳ್ಳೇರಿಯ, ಬಂದಡ್ಕ, ಕೋಳಿಚ್ಚಾಲ್, ಪಾಣತ್ತೂರು, ಅಲ್ಲಿಂದ ಗಡಿ ದಾಟಿ ಕರ್ನಾಟಕದ ಕರಿಕೆ, ಭಾಗಮಂಡಲ. ಮಲಯೋರ ಹೈವೇ, ಅಂದರೆ ಕೇರಳದ ಗುಡ್ಡಗಾಡಿನ ಹೆದ್ದಾರಿ, ಆದಮೇಲೆ ಕೋಳಿಚ್ಚಾಲಿನವರೆಗಿನ ದಾರಿ ತುಂಬ ಚೆನ್ನಾಗಿದೆ, ಹಾಗಾಗಿ ಬೇರೆ ಯೋಚನೆಯೇ ಮಾಡಲಿಲ್ಲ. ಇಬ್ಬರ ಬಟ್ಟೆ, ರೈನ್‌ಕೋಟು, ನೀರು ಎಲ್ಲ ಒಂದು ಬ್ಯಾಗಿಗೆ ತುಂಬಿಸಿ ಹಿಂದಿನ ಕ್ಯಾರಿಯರಿಗೆ ಕಟ್ಟಿ ಬೆಳಿಗ್ಗೆ ಬೇಗ ಹೊರಟೆವು.

ಕ್ಯಾರಿಯರ್ ಹಾಕಿಸಿದ್ದು ಪೇಟೆಯ ಒಂದು ಅಂಗಡಿಯಲ್ಲಿ. ಹಗ್ಗವನ್ನೂ ಅವರೇ ಕೊಟ್ಟರು, ಹೇಗೆ ಕಟ್ಟುವುದು ಅಂತ ತೋರಿಸಿದರು, ಎಷ್ಟು ಭಾರ ಆದರೂ ಹೆದರಬೇಡಿ ಅಂದರು. ಅದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದು ಮಾಡಿದ್ದರು. ಕ್ಯಾರಿಯರಿನ ಕಾಲಿಗೆ ಅಡ್ಡ ಬರುತ್ತದೆ ಅಂತ ಎಡಬದಿಯ ಸೀರೆ ಗಾರ್ಡ್ ಬಿಚ್ಚಿ ಕೈಗೆ ಕೊಟ್ಟು, "ಇದು ಈಗ ಯಾರೂ ಇಟ್ಟುಕೊಳ್ಳುವುದಿಲ್ಲ" ಅಂದರು. ದುಡ್ಡು ತೆಗೆದುಕೊಂಡು ಕೆಲಸ ಮಾಡುವವರು ಇಂಥ ಮಾತು ಆಡಬಾರದು. ಆ ಕಂಬಿಗಳು ಇರುವುದೇ ಹಿಂದಿನ ಚಕ್ರಕ್ಕೆ ಏನೂ ಹೋಗದಿರಲಿ ಅಂತ. ಹಿಂದಿನ ಚಕ್ರದ ಅರ್ಧ ಭಾಗವಾದರೂ ಮುಚ್ಚಿರಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮ 123ರಲ್ಲೇ ಇದೆ.

ಕೋಳಿಚ್ಚಾಲಿಗೆ ಇನ್ನೂ ಸ್ವಲ್ಪ ದೂರ ಇತ್ತು. ಎರಡೂ ಬದಿ ರಬ್ಬರ್ ತೋಟ, ಇಳಿಜಾರು, ಮುಂದೆ ಎಡಕ್ಕೆ ತಿರುವು. ವೇಗ 40ರ ಆಸುಪಾಸು. ಒಂದು ಹಂಪ್ ದಾಟಿದ ಕೂಡಲೇ ಹಿಂದಿನಿಂದ ಟಕ್ ಅಂತ ಸದ್ದು. "ಭಾವಾ, ಒಮ್ಮೆ ನಿಲ್ಲಿಸಿ, ಏನೋ ಬಡಿಯುತ್ತಾ ಉಂಟು" ಅಂತ ಹಿಂದೆ ಕೂತಿದ್ದ ಭಾವ (ಅವರೂ ನನ್ನನ್ನು ಭಾವ ಅಂತಲೇ ಕರೆಯುವುದು) ಹೇಳಿ ಮುಗಿಸುವ ಮೊದಲೇ ಚಕ್ರ ಕರಕರ ಅಂದು ಕಚ್ಚಿಕೊಂಡಿತು. ಕ್ಲಚ್ ಹಿಡಿದರೂ ಬಿಡಲಿಲ್ಲ. ಬೈಕಿನ ಹಿಂಭಾಗ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಜಾರಿತು. ಹ್ಯಾಂಡಲ್ ನೇರ ಹಿಡಿದು ಕೂತದ್ದು ಬಿಟ್ಟರೆ ನನ್ನ ಕೈಯಲ್ಲಿ ಮತ್ತೇನೂ ಇರಲಿಲ್ಲ. ತಿರುವು ತೆಗೆದುಕೊಳ್ಳಲಾಗದೆ ಸೀದಾ ರಸ್ತೆಯ ಬಲಬದಿಗೆ ದಾಟಿ, ಚರಂಡಿಗೆ ಒಂದು ಮೊಳ ಇರುವಾಗ ಅಡ್ಡ ಬಿದ್ದೆವು. ಭಾವನ ಮೊಣಕಾಲು ತರಚಿತು, ನನ್ನ ಅಂಗೈ ಕಿತ್ತುಹೋಯಿತು, ಅಷ್ಟೇ. ಇಬ್ಬರ ತಲೆಯಲ್ಲೂ ಹೆಲ್ಮೆಟ್ ಇತ್ತು.

ಎದ್ದು ನೋಡಿದರೆ ಹಗ್ಗದ ಒಂದು ಕೊಕ್ಕೆ ಚೈನಿಗೂ ಅದು ಕೂರುವ ಹಲ್ಲುಚಕ್ರದ, ಅಂದರೆ ಸ್ಪ್ರಾಕೆಟ್ಟಿನ, ಹಲ್ಲಿಗೂ ನಡುವೆ ಸಿಕ್ಕಿ ಚಪ್ಪಟೆಯಾಗಿದೆ. ಉಳಿದ ಹಗ್ಗ ಸ್ಪ್ರಾಕೆಟ್ ಮತ್ತು ಚಕ್ರದ ಸಂದಿಯಲ್ಲಿ ಸುತ್ತಿಕೊಂಡು ಬಿಗಿದು ಹೋಗಿದೆ. ಹೊರಗಿನ ಬಟ್ಟೆ ಹರಿದು, ಒಳಗಿನ ರಬ್ಬರ್ ಎಳೆಗಳು ಗ್ರೀಸು ಹತ್ತಿ ಕಪ್ಪಗಾಗಿ, ಹಿಡಿದು ಎಳೆಯೋಣ ಅಂದರೆ ಬೆರಳಿಗೆ ತುದಿಯೇ ಸಿಗುತ್ತಿಲ್ಲ. ಬೈಕಿನ ಜೊತೆ ಬರುವ ಟೂಲ್ ಕಿಟ್ಟಿನಲ್ಲಿ ಕೊಯ್ಯುವಂಥದ್ದು ಏನೂ ಇರುವುದಿಲ್ಲ. ತೋಟದಲ್ಲಿ ಟ್ಯಾಪಿಂಗ್ (ರಬ್ಬರ್ ಮರ ಕೆತ್ತಿ ಹಾಲು ತೆಗೆಯುವ ಕೆಲಸ) ಮಾಡುತ್ತಿದ್ದ ಒಬ್ಬ ಚೇಟ್ಟನ್, ಮಲಯಾಳಿ ಅಣ್ಣ, ಸದ್ದು ಕೇಳಿ ಓಡಿ ಬಂದರು. ಟ್ಯಾಪಿಂಗ್ ಕತ್ತಿಯ ಮಡಚಿದ ತುದಿಯನ್ನು ಸಂದಿಗೆ ತೂರಿಸಿ ಒಂದೊಂದೇ ಸುತ್ತು ಕೊಯ್ದು ತೆಗೆದರು. ಕೆಲಸ ಬಿಟ್ಟು ಬಂದವರು, ಒಂದು ಚಹಾಕ್ಕೂ ಒಪ್ಪಲಿಲ್ಲ. ಅವರ ಉಪಕಾರ ನಾನು ಮರೆಯುವುದಿಲ್ಲ.

ಹೀಗೆ ಯಾಕಾಗುತ್ತದೆ ಅಂದರೆ, ಆ ಕೊಕ್ಕೆ ನಿಂತಿರುವುದು ಹಗ್ಗದ ಎಳೆತದ ಮೇಲೆ ಮಾತ್ರ. ಗುಂಡಿಗೋ ಹಂಪಿಗೋ ಬೈಕ್ ಹಾರಿದಾಗ ಬ್ಯಾಗ್ ಮೇಲೆದ್ದು ಮತ್ತೆ ಕೆಳಗೆ ಕೂರುತ್ತದೆ. ಕೂರುವ ಆ ಕ್ಷಣ ಹಗ್ಗ ಸಡಿಲ. ಕೊಕ್ಕೆ ಹಾರಲು ಅಷ್ಟು ಸಾಕು. ಬಟ್ಟೆ ತುಂಬಿದ ಬ್ಯಾಗ್ ಬೇರೆ, ಸ್ವಲ್ಪ ದೂರ ಹೋಗುವಷ್ಟರಲ್ಲಿ ಒತ್ತಿ ಚಿಕ್ಕದಾಗುತ್ತದೆ, ಮನೆಯಲ್ಲಿ ಕಟ್ಟಿದ ಬಿಗಿ ಅಲ್ಲಿಗೆ ಹೋಯಿತು. ಬಿಸಿಲಿಗೆ ಒಳಗಿನ ರಬ್ಬರ್ ಒಣಗಿ ತುಂಡಾದರೂ ಹೊರಗಿನ ಬಣ್ಣದ ಬಟ್ಟೆ ಹೊಸದರ ಹಾಗೇ ಕಾಣುತ್ತದೆ. ಕಟ್ಟುವಾಗ ಕೈತಪ್ಪಿದರೆ ಕೊಕ್ಕೆ ನೇರ ಮುಖಕ್ಕೇ ಬರುತ್ತದೆ, ಕಣ್ಣು ಕಳೆದುಕೊಂಡವರೂ ಇದ್ದಾರೆ.

ಈಗ ನಾವು ಉಪಯೋಗಿಸುವುದು ಬಕಲ್ ಇರುವ ನೈಲಾನ್ ಪಟ್ಟಿ, ಎಳೆದರೆ ಹಿಗ್ಗದಂಥದ್ದು. ಕೊಕ್ಕೆ ಬೇಡ, ಪಟ್ಟಿಯನ್ನೇ ಕಂಬಿಗೆ ಸುತ್ತಿ ಅದರ ಕುಣಿಕೆಯೊಳಗೆ ತೂರಿಸಿ ಬಿಗಿಯುವಂಥದ್ದು ಸಿಗುತ್ತದೆ, ಅದೇ ಒಳ್ಳೆಯದು. ಕಟ್ಟುವುದು ಕ್ಯಾರಿಯರಿನ ಅಥವಾ ಹಿಂದೆ ಕೂತವರು ಹಿಡಿಯುವ ಗಟ್ಟಿ ಕಂಬಿಗೆ. ಇಂಡಿಕೇಟರಿಗೆ, ನಂಬರ್ ಪ್ಲೇಟಿಗೆ, ಪ್ಲಾಸ್ಟಿಕ್ಕಿನ ಭಾಗಗಳಿಗೆ ಬೇಡ. ಉಳಿದ ತುದಿ ನೇತಾಡಲು ಬಿಟ್ಟರೆ ಅದೂ ಚಕ್ರಕ್ಕೇ ಹೋಗುವುದು, ಸುತ್ತಿ ಗಂಟು ಹಾಕಿ. ಬ್ಯಾಗಿನ ರೈನ್ ಕವರ್ ಸಹ ಗಾಳಿಗೆ ಹಾರಿ ಅದೇ ದಾರಿ ಹಿಡಿಯುತ್ತದೆ, ಅದು ಪಟ್ಟಿಯ ಅಡಿಗೆ ಬರಲಿ. ಹೊರಟು 10 ಕಿ.ಮೀ. ಆದಮೇಲೆ ಒಮ್ಮೆ ನಿಲ್ಲಿಸಿ ಮತ್ತೆ ಬಿಗಿಯಿರಿ. ಇದೊಂದನ್ನು ಯಾವ ಅವಸರದಲ್ಲೂ ಬಿಡಬೇಡಿ.

ಭಾರದ ವಿಷಯವೂ ಹೇಳಬೇಕು. ಜಾಸ್ತಿ ತೂಕ ಕ್ಯಾರಿಯರಿನ ತುದಿಯಲ್ಲಿದ್ದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ತೂಗಾಡುತ್ತದೆ. ನೀರು, ಟೂಲ್ಸ್ ಇತ್ಯಾದಿ ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರುವ ಟ್ಯಾಂಕ್ ಬ್ಯಾಗಿಗೆ ಹಾಕಿ, ಹಿಂದೆ ಬಟ್ಟೆ ಮಾತ್ರ ಇರಲಿ. ಇಬ್ಬರು ಹೋಗುವಾಗ ಹಿಂದಿನ ಟಯರಿಗೆ ಎಷ್ಟು ಗಾಳಿ ಬೇಕು ಅಂತ ಬೈಕಿನಲ್ಲೇ ಸ್ಟಿಕ್ಕರ್ ಇರುತ್ತದೆ, ಒಬ್ಬರೇ ಹೋಗುವಾಗಿನದಕ್ಕಿಂತ ಜಾಸ್ತಿ. ಟಯರ್ ತಣ್ಣಗಿರುವಾಗಲೇ ಹಾಕಿಸಿ. ಚೈನ್ ಎಷ್ಟು ಸಡಿಲ ಇರಬೇಕು ಅಂತ ಮ್ಯಾನುವಲ್ಲಿನಲ್ಲಿ ಮಿ.ಮೀ. ಲೆಕ್ಕದಲ್ಲೇ ಕೊಟ್ಟಿರುತ್ತಾರೆ.

ದಿಢೀರ್ ಪ್ರವಾಸ ಬೇಡ ಅಂತ ನಾನು ಹೇಳುವುದಿಲ್ಲ. ನನಗೆ ಅದು ಬೇಕೇ ಬೇಕು, ಕಾಸರಗೋಡಿನಲ್ಲಿ ಇದ್ದುಕೊಂಡು ಮಳೆ ನಿಂತ ಭಾನುವಾರ ಮನೆಯಲ್ಲಿ ಕೂರಲು ಯಾರಿಗೆ ಮನಸ್ಸು ಬರುತ್ತದೆ? ಆದರೆ ಹೊರಡುವ ಬೆಳಿಗ್ಗೆ ಹಗ್ಗ ಹುಡುಕುವ ಹಾಗೆ ಆಗಬಾರದು. ಪಟ್ಟಿಗಳು ಬ್ಯಾಗಿನ ಜೊತೆಗೇ ಇರಲಿ. ಪಂಕ್ಚರ್ ಕಿಟ್, ಕೈಪಂಪು, ಒಂದು ಕ್ಲಚ್ ಕೇಬಲ್, ಫ್ಯೂಸು, ಟಾರ್ಚು, ಮತ್ತೆ ಒಂದು ಹರಿತವಾದ ಮಡಚುವ ಚಾಕು ಯಾವಾಗಲೂ ಬೈಕಿನಲ್ಲೇ ಇರಲಿ. ಪಾಣತ್ತೂರು ದಾಟಿದರೆ ಮುಂದೆ ಕಾಡು, ಫೋನಿಗೆ ರೇಂಜ್ ಸಿಗುವುದೂ ಕಷ್ಟ. ಪೆಟ್ರೋಲನ್ನೂ ಅದಕ್ಕೆ ಮೊದಲೇ ಹಾಕಿಸಿಕೊಳ್ಳಿ.

ಸೀರೆ ಗಾರ್ಡ್ ತೆಗೆಸಿದವರಿದ್ದರೆ ಇವತ್ತೇ ಹೋಗಿ ವಾಪಸ್ ಹಾಕಿಸಿ. ಅದೇ ಬೈಕಿನಲ್ಲಿ ನಾಳೆ ಅಮ್ಮನನ್ನೋ ಅಕ್ಕನನ್ನೋ ಮಧೂರು ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತೀರಿ. ನಮ್ಮ ಚಕ್ರಕ್ಕೆ ಹಗ್ಗ ಹೋದ ಸಂದಿಗೆ ಸೆರಗೂ ಹೋಗುತ್ತದೆ, ಚೂಡಿದಾರದ ಶಾಲೂ ಹೋಗುತ್ತದೆ. ಕ್ಯಾರಿಯರಿಗೆ ಅಡ್ಡ ಬರುತ್ತದೆ ಅಂತ ಅಂಗಡಿಯವರು ಹೇಳಿದರೆ, ಗಾರ್ಡ್ ಇಟ್ಟುಕೊಂಡೇ ಕೂರುವ ಬೇರೆ ಕ್ಯಾರಿಯರ್ ಕೇಳಿ.