ಟೈಗರ್ ಮಾತ್‌ಗೆ ತಂತಿ ಕಟ್ಟೋಕೆ ಯಾವುದು ಸರಿ: ನೈಲಾನ್, ತಾಮ್ರ, ಸ್ಪ್ರೂ, ಲೈಕ್ರಾ?

1/72 ಅಳತೆಯ, ಅಂದರೆ ಅಸಲಿಯ ಎಪ್ಪತ್ತೆರಡರಲ್ಲಿ ಒಂದು ಪಾಲಿನ ಪ್ಲಾಸ್ಟಿಕ್ ಮಾಡೆಲ್ ಬೈಪ್ಲೇನಿಗೆ (ಒಂದರ ಮೇಲೊಂದು ಎರಡು ಜೊತೆ ರೆಕ್ಕೆಯ ವಿಮಾನ) ರೆಕ್ಕೆಗಳ ನಡುವಿನ ತಂತಿ ಕಟ್ಟೋಕೆ ಹಿಗ್ಗುವ ಲೈಕ್ರಾ ದಾರ ಬಿಟ್ಟು ಇನ್ನೇನಕ್ಕೂ ನಾನು ದುಡ್ಡು ಹಾಕುವುದಿಲ್ಲ. ಮೊದಲೇ ಹೇಳಿಬಿಟ್ಟರೆ ಒಳ್ಳೆಯದು. ಚಿಕ್ಕಪೇಟೆಯಿಂದ ತಂದ ನೈಲಾನ್ ದಾರ, ಮೋಟಾರು ವೈಂಡಿಂಗಿನ ತಾಮ್ರದ ತಂತಿ, ಕಿಟ್‌ನ ಸ್ಪ್ರೂ (ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಕಾಯಿಸಿ ಎಳೆದ ಎಳೆ, ಆಮೇಲೆ ಲೈಕ್ರಾ. ನಾಲ್ಕನ್ನೂ ಕಟ್ಟಿ ನೋಡಿದ ಮೇಲೆ ಬರೆಯುತ್ತಿದ್ದೇನೆ.

ನಾನು ಕಟ್ಟಿದ್ದು ಮಾಡೆಲ್ ಕಿಟ್ ಮಾಡುವ ಏರ್‌ಫಿಕ್ಸ್ ಕಂಪನಿಯ ಟೈಗರ್ ಮಾತ್. ಅಸಲಿ ವಿಮಾನ ಮೊದಲು ಹಾರಿದ್ದು 1931ರಲ್ಲಿ, ಇಂಗ್ಲೆಂಡಿನಲ್ಲಿ. ನಮ್ಮ ವಾಯುಪಡೆಯ ಎಷ್ಟೋ ಹಳೇ ಪೈಲಟ್‌ಗಳು ಹಾರಾಟ ಕಲಿತದ್ದು ಇದರಲ್ಲೇ. ಮುಂದೆ ಇದರ ಜಾಗಕ್ಕೆ ಬಂದದ್ದು ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಎಚ್‌ಟಿ-2, ಅದು 1951ರ ಆಗಸ್ಟಿನಲ್ಲಿ ಮೊದಲ ಸಲ ಹಾರಿತು. ಅದಕ್ಕೆ ಒಂದೇ ಜೊತೆ ರೆಕ್ಕೆ, ನಡುವೆ ಕಂಬವೂ ಇಲ್ಲ, ತಂತಿಯೂ ಇಲ್ಲ. ಅದನ್ನೇ ಕಟ್ಟಿದ್ದರೆ ಈ ತಲೆನೋವೇ ಇರುತ್ತಿರಲಿಲ್ಲ ಬಿಡಿ.

ಟೈಗರ್ ಮಾತ್‌ನ ರೆಕ್ಕೆ ತುದಿಯಿಂದ ತುದಿಗೆ 8.94 ಮೀಟರ್. ಮಾಡೆಲ್‌ನಲ್ಲಿ ಅದು 124 ಮಿಲಿಮೀಟರ್ ಆಗುತ್ತದೆ. ಕೆಳಗಿನ ರೆಕ್ಕೆಯ ಬುಡದಿಂದ ಮೇಲಿನ ರೆಕ್ಕೆಯ ಹೊರಗಡೆಗೆ ಹೋಗುವುದು ಫ್ಲೈಯಿಂಗ್ ವೈರ್. ಹಾರುವಾಗ ರೆಕ್ಕೆ ಮೇಲಕ್ಕೆ ಮಡಚಿಕೊಳ್ಳದಂತೆ ಹಿಡಿಯುವುದು ಇದೇ. ಮೇಲಿನ ರೆಕ್ಕೆಯ ನಡುವಿನಿಂದ ಕೆಳಗಿನ ರೆಕ್ಕೆಯ ಹೊರಗಡೆಗೆ ಇಳಿಯುವುದು ಲ್ಯಾಂಡಿಂಗ್ ವೈರ್. ನೆಲದ ಮೇಲಿದ್ದಾಗ ರೆಕ್ಕೆಯ ಭಾರ ಇದರ ಪಾಲು. ಎರಡೂ ಸೇರಿ ಬದಿಬದಿಗೆ ಇಂಟು ಮಾರ್ಕು. ಅಸಲಿ ವಿಮಾನದಲ್ಲಿ ಇವು ಬಿಗಿಯಾಗೇ ಇರಬೇಕು. ಹಾಗಾಗಿ ಮಾಡೆಲ್‌ನಲ್ಲಿ ಒಂದು ತಂತಿ ಜೋಲು ಬಿದ್ದರೂ ಕಣ್ಣು ಸೀದಾ ಅಲ್ಲಿಗೇ ಹೋಗುತ್ತದೆ. ಕಾಕ್‌ಪಿಟ್ಟಿನಲ್ಲಿ ನೀವು ಕೂರಿಸಿದ ಪುಟಾಣಿ ಬೆಲ್ಟುಗಳನ್ನು ಯಾರೂ ನೋಡುವುದಿಲ್ಲ.

ದಪ್ಪದ ಲೆಕ್ಕವೂ ಮುಖ್ಯ. 0.1 ಮಿಲಿಮೀಟರ್ ದಾರ ಅಂದರೆ ಅಸಲಿಯಲ್ಲಿ 7.2 ಮಿಲಿಮೀಟರ್, ಪರವಾಗಿಲ್ಲ. ಗಿಟಾರಿನ ಅತಿ ತೆಳು ತಂತಿ ಬಳಸಿ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅದು ಹತ್ತಿರ ಹತ್ತಿರ 0.23 ಮಿಲಿಮೀಟರ್ ಇರುತ್ತದೆ, ಅಸಲಿ ಲೆಕ್ಕದಲ್ಲಿ ಹದಿನಾರೂವರೆ ಮಿಲಿಮೀಟರಿನ ಸರಳು ಕಟ್ಟಿದ ಹಾಗಾಯಿತು.

ಈಗ ನೈಲಾನ್ ವಿಷಯ. ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಇನ್ವಿಸಿಬಲ್ ಥ್ರೆಡ್ ಅಂತ ಕೇಳಿದರೆ ಕೊಡುತ್ತಾರೆ. ನೂರು ರೂಪಾಯಿ ಒಳಗೆ ಒಂದು ಉರುಳೆ, ಜೀವಮಾನಕ್ಕೆ ಸಾಕು. ತೆಳ್ಳಗಿದೆ, ನುಣುಪಾಗಿದೆ, ಗಟ್ಟಿಯೂ ಇದೆ. ಹೊಸಬರೆಲ್ಲ ಇದಕ್ಕೇ ಬೀಳುವುದು ಇದರಿಂದಲೇ.

ತೊಂದರೆ ಏನಪ್ಪಾ ಅಂದರೆ, ಇದು ತಾನಾಗಿ ಬಿಗಿಯಾಗಿ ನಿಲ್ಲುವುದಿಲ್ಲ. ಎಳೆದು ಹಿಡಿಯಬೇಕು. ಎಳೆಯಬೇಕಾದರೆ ಮೇಲಿನ ರೆಕ್ಕೆಗೆ 0.3 ಮಿಲಿಮೀಟರ್ ಡ್ರಿಲ್ ಬಿಟ್ಟಿನಲ್ಲಿ ಆರಪಾರ ತೂತು ಕೊರೆಯಬೇಕು. ದಾರವನ್ನು ಆ ಕಡೆಗೆ ತೂರಿಸಿ, ತುದಿಗೆ ಬಟ್ಟೆ ಕ್ಲಿಪ್ಪು ನೇತುಹಾಕಿ, ಆ ಭಾರದಲ್ಲೇ ಬಿಗಿಯಾಗಿರುವಾಗ ಸೂಪರ್ ಗ್ಲೂ ಮುಟ್ಟಿಸಬೇಕು. ಕೇಳೋಕೆ ಸುಲಭ. ಮೊದಲ ದಾರ ಚೆನ್ನಾಗೇ ಕೂರುತ್ತದೆ. ಎರಡನೆಯದೂ ಕೂರುತ್ತದೆ. ಮೂರನೆಯದನ್ನು ಬಿಗಿ ಮಾಡಿದ ಕೂಡಲೇ ರೆಕ್ಕೆ ಒಂದು ಕೂದಲೆಳೆ ಬಾಗುತ್ತದೆ, ಮೊದಲನೆಯದು ಬಟ್ಟೆ ಒಣಹಾಕುವ ಹಗ್ಗದ ಥರ ಜೋಲುತ್ತದೆ. ಅದನ್ನು ಸರಿ ಮಾಡೋಕೆ ಹೋದರೆ ಆಚೆ ಬದಿಯದು ಸಡಿಲ. ಈ ಅಳತೆಯಲ್ಲಿ ಕಂಬಗಳು ಬೆಂಕಿಕಡ್ಡಿಗಿಂತ ಸಣ್ಣ. ಜಾಸ್ತಿ ಎಳೆದರೆ ಅಂಟು ಬಿಟ್ಟು ಟಪ್ ಅಂತ ಆಚೆ ಬರುತ್ತವೆ.

ಇಷ್ಟೆಲ್ಲ ಆದ ಮೇಲೆ ರೆಕ್ಕೆಯ ಮೇಲ್ಭಾಗದಲ್ಲಿ ತೂತುಗಳು ಬಾಯಿ ಬಿಟ್ಟುಕೊಂಡಿರುತ್ತವೆ. ಪುಟ್ಟಿ ತುಂಬಬೇಕು, ಉಜ್ಜಬೇಕು, ಆ ಜಾಗಕ್ಕೆ ಮತ್ತೆ ಬಣ್ಣ ಹಚ್ಚಬೇಕು. ಉಜ್ಜುವಾಗ ಪಕ್ಕದ ಡೆಕಾಲ್ (ಅಂಟಿಸುವ ಗುರುತುಚಿತ್ರ) ಕೆರೆದುಹೋಗದಂತೆ ಉಸಿರು ಬಿಗಿಹಿಡಿದು ಕೂರಬೇಕು. ಬಣ್ಣ ಎಷ್ಟೇ ಹೊಂದಿಸಿದರೂ ಬೆಳಕಿಗೆ ಓರೆಯಾಗಿ ಹಿಡಿದರೆ ಚುಕ್ಕಿಗಳು ಕಾಣುತ್ತವೆ. ನನಗಂತೂ ಕಾಣುತ್ತವೆ.

ಸರಿ, ಅಲ್ಲಿಗೆ ಮುಗಿಯಿತಾ? ಇಲ್ಲ. ನೈಲಾನ್ ಗಾಳಿಯ ತೇವ ಹೀರಿಕೊಂಡು ಉದ್ದವಾಗುತ್ತದೆ. ಮಾರ್ಚಿಯ ಒಣ ಹವೆಯಲ್ಲಿ ವೀಣೆ ತಂತಿ ಮೀಟಬಹುದು ಅನ್ನುವಷ್ಟು ಬಿಗಿಯಿದ್ದದ್ದು ಜುಲೈ ಮಳೆ ಹಿಡಿದಾಗ ಮೆಲ್ಲಗೆ ಇಳಿಯಿತು. ಊದುಬತ್ತಿಯ ಕೆಂಡವನ್ನು ಹತ್ತಿರ ಹಿಡಿದರೆ ಸ್ವಲ್ಪ ಕುಗ್ಗಿ ಬಿಗಿಯಾಗುತ್ತದೆ, ನಿಜ. ಮತ್ತೆ ಬಿಸಿಲು ಬಂದಾಗ ಅದೇ ದಾರ ಇನ್ನಷ್ಟು ಬಿಗಿದುಕೊಂಡು ರೆಕ್ಕೆಯನ್ನೇ ಜಗ್ಗುತ್ತದೆ. ಕಪಾಟಿನಲ್ಲಿ ನಿಂತ ವಿಮಾನಕ್ಕೆ ಋತುಮಾನಕ್ಕೊಂದು ರಿಪೇರಿ ಮಾಡುತ್ತಾ ಕೂರೋಕೆ ನನಗೆ ತಾಳ್ಮೆ ಇಲ್ಲ. ಮಂಗಳೂರು, ಕಾರವಾರದ ಕಡೆಯವರು ಈ ದಾರದ ಆಸೆ ಬಿಟ್ಟುಬಿಡುವುದೇ ವಾಸಿ.

ತಾಮ್ರದ ತಂತಿಗೆ ಹೆಚ್ಚು ಮಾತು ಬೇಡ. ವೈಂಡಿಂಗ್ ಅಂಗಡಿಯಲ್ಲಿ 44 ಗೇಜ್ ಕೇಳಿದರೆ 0.08 ಮಿಲಿಮೀಟರಿನದು ಸಿಗುತ್ತದೆ, ದಪ್ಪಕ್ಕೆ ಹೇಳಿ ಮಾಡಿಸಿದ್ದು. ತುಂಡು ಕತ್ತರಿಸಿ ಗಾಜಿನ ಮೇಲಿಟ್ಟು, ಮೇಲೊಂದು ಸ್ಟೀಲ್ ಸ್ಕೇಲ್ ಒತ್ತಿ ಉರುಳಿಸಿದರೆ ನೆಟ್ಟಗಾಗುತ್ತದೆ. ಆದರೆ ಒಮ್ಮೆ ಬೆರಳು ತಾಗಿದರೆ ಸೊಟ್ಟ ಬೀಳುತ್ತದೆ, ಆ ಸೊಟ್ಟ ಮತ್ತೆ ಹೋಗುವುದಿಲ್ಲ. ಬಣ್ಣವನ್ನೂ ಬೇರೆ ಹಚ್ಚಬೇಕು.

ಸ್ಪ್ರೂ ಮೇಲೆ ಮಾತ್ರ ನನಗೆ ನಿಜವಾದ ಗೌರವ ಇದೆ. ಭಾಗಗಳನ್ನು ಕತ್ತರಿಸಿಕೊಂಡ ಮೇಲೆ ಉಳಿಯುವ ಪ್ಲಾಸ್ಟಿಕ್ ಚೌಕಟ್ಟನ್ನು ನಾವೆಲ್ಲ ಸುಮ್ನೆ ಬಿಸಾಡುತ್ತೇವೆ ಅಲ್ವಾ? ಅದರ ಒಂದು ತುಂಡನ್ನು ಮೇಣದಬತ್ತಿಯ ಮೇಲೆ ತಿರುಗಿಸುತ್ತಾ ಕಾಯಿಸಿ. ನಡುವೆ ಮೆತ್ತಗಾಗಿ ಹೊಳಪು ಬಂದಾಗ ಉರಿಯಿಂದ ಈಚೆ ತೆಗೆದು, ಎರಡೂ ಕೈ ದೂರ ಮಾಡಿ ಒಂದೇ ಸಮ ಎಳೆಯಿರಿ. ಜೋರಾಗಿ ಎಳೆದಷ್ಟೂ ಎಳೆ ತೆಳು. ಡಿವೈಡರಿನಲ್ಲಿ ಅಳೆದು ಕತ್ತರಿಸಿ ಎರಡು ತುದಿಗೂ ಫೆವಿಕಾಲಿನ ಚುಕ್ಕಿ ಇಟ್ಟು ಕೂರಿಸಿದರೆ ಆಯಿತು. ರೆಕ್ಕೆಗೆ ಆರಪಾರ ತೂತು ಬೇಡ. ಸ್ವಲ್ಪ ಸಡಿಲವಿದ್ದರೆ ಊದುಬತ್ತಿ ಹತ್ತಿರ ತಂದ ಕೂಡಲೇ ಸರ್ ಅಂತ ನೆಟ್ಟಗಾಗುವುದನ್ನು ನೋಡೋದೇ ಒಂದು ಖುಷಿ. ಮಳೆಗಾಲಕ್ಕೂ ಇದು ಜಗ್ಗುವುದಿಲ್ಲ. ಬೂದು ಬಣ್ಣದ ಸ್ಪ್ರೂ ಆದರೆ ಬಣ್ಣದ ಕೆಲಸವೂ ಉಳಿಯಿತು. ಖರ್ಚು ಸೊನ್ನೆ.

ಒಂದೇ ಕೊರತೆ. ಮುಟ್ಟಿದರೆ ಮುರಿಯುತ್ತದೆ. ಧೂಳು ಒರೆಸುವ ಮೆತ್ತನೆ ಬ್ರಶ್ಶಿಗೂ ಮುರಿಯುತ್ತದೆ. ಗಾಜಿನ ಪೆಟ್ಟಿಗೆ ಇರುವವರಿಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ನನ್ನ ವಿಮಾನಗಳು ಇರುವುದು ತೆರೆದ ಕಪಾಟಿನಲ್ಲಿ, ಮನೆಗೆ ಬಂದ ಮಕ್ಕಳ ಕೈಗೆ ಎಟಕುವ ಎತ್ತರದಲ್ಲಿ. ಎತ್ತಿಕೊಂಡು ನೋಡಲಿ ಅನ್ನುವುದೇ ನನ್ನ ಆಸೆ ಕೂಡ.

ಅದಕ್ಕೇ ಲೈಕ್ರಾ. ಬೆರಳಲ್ಲಿ ಒತ್ತಿದರೆ ಬಾಗುತ್ತದೆ, ಬಿಟ್ಟರೆ ವಾಪಸ್ಸು ತನ್ನ ಜಾಗಕ್ಕೆ. ಮೇಲಿನ ರೆಕ್ಕೆಯ ಕೆಳಮೈಯಲ್ಲಿ ಸೂಜಿಮೊನೆಯಷ್ಟು ಕುಳಿ ಕೊರೆದಿದ್ದರೆ ಸಾಕು. ಒಂದು ತುದಿಯನ್ನು ಅಲ್ಲಿ ಅಂಟಿಸಿ, ಪೂರ್ತಿ ಹಿಡಿಯೋವರೆಗೂ ಕೈ ಕಟ್ಟಿ ಕೂತಿರಿ. ಆಮೇಲೆ ಚಿಮಟದಲ್ಲಿ ಇನ್ನೊಂದು ತುದಿ ಹಿಡಿದು, ಕಾಲು ಭಾಗದಷ್ಟು ಹಿಗ್ಗಿಸಿ, ಕೆಳಗಿನ ಕುಳಿಗೆ ಮುಟ್ಟಿಸಿ ಹತ್ತು ಎಣಿಸಿ. ಎಳೆತ ಎಷ್ಟು ಕಮ್ಮಿ ಅಂದರೆ ರೆಕ್ಕೆಗೆ ಗೊತ್ತೇ ಆಗುವುದಿಲ್ಲ. ಎಂಟನೆಯದನ್ನು ಕಟ್ಟಿದಾಗಲೂ ಮೊದಲನೆಯದು ಅಷ್ಟೇ ಬಿಗಿ. ಒಳಗಿನ ತಂತಿಗಳನ್ನು ಮೊದಲು ಮುಗಿಸಿ ಹೊರಕ್ಕೆ ಬನ್ನಿ, ಇಲ್ಲದಿದ್ದರೆ ಚಿಮಟ ತೂರಿಸೋಕೆ ಜಾಗ ಇರುವುದಿಲ್ಲ.

ಗಮನ ಇಡಬೇಕಾದ್ದು ತಿರುಚಿನ ಮೇಲೆ. ನಾನು ತರಿಸಿದ ದಾರ ದುಂಡಗಿಲ್ಲ, ಚಪ್ಪಟೆ ಪಟ್ಟಿ. ತಿರುಚಿಕೊಂಡು ಅಂಟಿದರೆ ನಡುವೆ ಒಂದು ಮಿಣುಕು ಕಾಣುತ್ತದೆ. ನೇರವಾಗಿ ಕೂತರೆ ಮಾತ್ರ ಲಾಭವೇ. ಯಾಕಂದರೆ ಅಸಲಿ ವಿಮಾನದ ತಂತಿಯೂ ದುಂಡಗಿರುವುದಿಲ್ಲ. ಗಾಳಿ ಸೀಳಲಿ ಅಂತ ಎರಡೂ ಅಂಚು ಚೂಪಾಗಿ ಚಪ್ಪಟೆ ಮಾಡಿರುತ್ತಾರೆ. ನೈಲಾನಿನಲ್ಲಿ ಆ ರೂಪ ಬರುವುದೇ ಇಲ್ಲ. ಅಂಟನ್ನು ಕಮ್ಮಿ ಹಾಕಿ, ಸೂಪರ್ ಗ್ಲೂ ಆವಿಗೆ ಹೊಳಪು ಬಣ್ಣದ ಮೇಲೆ ಬಿಳಿ ಮಂಕು ಕೂರುತ್ತದೆ. ಉಳಿದ ತುದಿಯನ್ನು ಹೊಸ ಬ್ಲೇಡಿನಲ್ಲೇ ಕತ್ತರಿಸಿ. ಕಿಟಕಿಯ ಬಿಸಿಲಿಗೆ ಇಡಬೇಡಿ.

ಬೆಲೆ? ಹೊರದೇಶದಿಂದ ತರಿಸಿದ್ದರಿಂದ ಅಂಚೆ ಖರ್ಚು ಸೇರಿ ಕಿಟ್‌ನ ಅರ್ಧ ಬೆಲೆ ಮೀರಿತು. ಮನೆಯಲ್ಲಿ ದಾರಕ್ಕಾ ಇಷ್ಟು ದುಡ್ಡು ಅಂದರು. ಆದರೆ ಒಂದು ಟೈಗರ್ ಮಾತ್‌ಗೆ ಎರಡು ಮೀಟರ್ ಕೂಡ ಖರ್ಚಾಗುವುದಿಲ್ಲ. ವರ್ಷಕ್ಕೆ ಒಂದೆರಡು ಬೈಪ್ಲೇನು ಕಟ್ಟುವವನಿಗೆ ಒಂದು ಉರುಳೆ ಬೇಕಾದಷ್ಟಾಯಿತು. ಒಂದೇ ಒಂದು ಬೈಪ್ಲೇನು ಕಟ್ಟಿ ಸುಮ್ಮನಾಗುವವರಾದರೆ ಈ ಖರ್ಚು ಬೇಡ, ಸ್ಪ್ರೂ ಎಳೆಯೋದು ಕಲಿಯಿರಿ. ನಾನೂ ಬಾಲದ ಹತ್ತಿರದ ಗಿಡ್ಡ ಕಂಟ್ರೋಲ್ ಕೇಬಲ್‌ಗಳಿಗೆ ಈಗಲೂ ಸ್ಪ್ರೂವನ್ನೇ ಹಾಕುತ್ತೇನೆ. ಅಷ್ಟು ಸಣ್ಣ ದೂರಕ್ಕೆ ಲೈಕ್ರಾ ಹಿಡಿದು ಹಿಗ್ಗಿಸೋಕೆ ಚಿಮಟಕ್ಕೆ ಹಿಡಿತ ಸಿಗುವುದಿಲ್ಲ.

ಮುಂದೆ ಕಟ್ಟುವುದು ಎಸ್.ಇ.5ಎ, ಮೊದಲ ಮಹಾಯುದ್ಧದ ಬೈಪ್ಲೇನು. 1918ರಲ್ಲಿ ಭಾರತೀಯ ಪೈಲಟ್ ಇಂದ್ರಲಾಲ್ ರಾಯ್ ಬ್ರಿಟಿಷ್ ವಾಯುಪಡೆಯ 40ನೇ ಸ್ಕ್ವಾಡ್ರನ್‌ನಲ್ಲಿ ಹಾರಿಸಿದ ವಿಮಾನ. ಅದಕ್ಕೂ ಇದೇ ಉರುಳೆ. ನೀವೂ ತರಿಸುವುದಾದರೆ ಕಪ್ಪು ಬಣ್ಣದ್ದು ಬೇಡ, ಬೂದು ತಗೊಳ್ಳಿ. ಕಪ್ಪು ಈ ಅಳತೆಗೆ ತೀರಾ ಎದ್ದು ಕಾಣುತ್ತದೆ, ಲೈಕ್ರಾ ಮೇಲೆ ಆಮೇಲೆ ಬಣ್ಣ ಹಚ್ಚಿದರೆ ನಿಲ್ಲುವುದೂ ಇಲ್ಲ.