ಎಸ್‌ಎಲ್‌ಬಿ ಗ್ಲಾಸರಿಯಲ್ಲಿ ‘ಬ್ಲೋಔಟ್’ ಹುಡುಕಿದಾಗ

ತೈಲ ಬಾವಿಯ ಸುದ್ದಿ ಓದುವವರಿಗೆ, ಅನುವಾದ ಮಾಡುವವರಿಗೆ ಒಂದು ಒಳ್ಳೇ ಪುಕ್ಕಟೆ ನಿಘಂಟು ಇದೆ. ಎಸ್‌ಎಲ್‌ಬಿಯವರ ಎನರ್ಜಿ ಗ್ಲಾಸರಿ. 2022ರವರೆಗೆ ಶ್ಲಂಬರ್ಜರ್ ಅಂತಿದ್ದ, ತೈಲ ಬಾವಿ ಕೆಲಸಕ್ಕೆ ತಂತ್ರಜ್ಞಾನ, ಸೇವೆ ಒದಗಿಸುವ ಅದೇ ಕಂಪನಿ. 1998ರಲ್ಲಿ ಶುರುವಾದಾಗ ಇದರ ಹೆಸರು ಆಯಿಲ್‌ಫೀಲ್ಡ್ ಗ್ಲಾಸರಿ.

ನಿಘಂಟು ಹೇಗಿದೆ ಅಂತ ನೋಡಲು ಒಂದೇ ಪದ ಸಾಕು: ಬ್ಲೋಔಟ್. ಈ ಪದ ಕೇಳಿದರೆ ನಮ್ಮ ತಲೆಗೆ ಬರುವುದು ಸ್ಫೋಟ, ಬೆಂಕಿ, ಅಲ್ವಾ? ಆದರೆ ಅಸ್ಸಾಮಿನ ಬಾಗ್‌ಜಾನ್‌ನಲ್ಲಿ 2020ರ ಮೇ 27ಕ್ಕೇ ಬಾವಿ ಕೈತಪ್ಪಿ ಗ್ಯಾಸ್ ನುಗ್ಗಲು ಶುರುವಾಗಿತ್ತು, ಬೆಂಕಿ ಹತ್ತಿದ್ದು ಜೂನ್ 9ಕ್ಕೆ. ಅಷ್ಟು ದಿನ ಬೆಂಕಿಯೇ ಇಲ್ಲದೆ ನಡೆದದ್ದೂ ಬ್ಲೋಔಟೇ.

ಗ್ಲಾಸರಿ ಇದನ್ನು ಚೆನ್ನಾಗಿ ಬಿಡಿಸಿ ಹೇಳುತ್ತದೆ. ನೆಲದಡಿಯ ಕಲ್ಲಿನ ಪದರದಲ್ಲಿರುವುದು ಹತೋಟಿ ತಪ್ಪಿ ಬಾವಿಗೆ ನುಗ್ಗಿದರೆ ಅದು ಬ್ಲೋಔಟ್. ಎಣ್ಣೆಯೇ ಆಗಬೇಕಿಲ್ಲ, ಗ್ಯಾಸೂ ಆಗಬಹುದು, ಬರೀ ಉಪ್ಪುನೀರೂ ಆಗಬಹುದು. ಮೇಲಕ್ಕೇ ಬರಬೇಕು ಅಂತಲೂ ಇಲ್ಲ, ಒಂದು ಪದರದಿಂದ ಹೊರಟು ಇನ್ನೊಂದು ಪದರಕ್ಕೆ ಹರಿದುಹೋದರೆ ಅಂಡರ್‌ಗ್ರೌಂಡ್ ಬ್ಲೋಔಟ್. ಕೊರೆಯುವಾಗ ಮಾತ್ರ ಆಗುವುದಲ್ಲ ಅಂತಲೂ ಬರೆದಿದ್ದಾರೆ. ಬಾಗ್‌ಜಾನ್‌ನದೂ ಗ್ಯಾಸ್ ಕೊಡುತ್ತಿದ್ದ ಬಾವಿಯೇ, ವರ್ಕ್‌ಓವರ್ ಅಂದರೆ ರಿಪೇರಿ ಕೆಲಸ ನಡೆಯುತ್ತಿತ್ತು. ನನಗೆ ಹಿಡಿಸಿದ್ದು ಕೊನೆಯ ಸಾಲು: ಕೆಲವೊಮ್ಮೆ ಒಳಗಿನ ಕಲ್ಲು ಕುಸಿದು ಬಾವಿ ತಾನಾಗಿಯೇ ಮುಚ್ಚಿಕೊಳ್ಳುತ್ತದಂತೆ, ನಮ್ಮ ಕಡೆ ಬೋರ್‌ವೆಲ್ ಕುಸಿಯುವ ಹಾಗೆ. ನಮಗೆ ಹಾಗಾದರೆ ದುಡ್ಡು ನೀರುಪಾಲು, ಅವರು ಮಾತ್ರ ಬಚಾವ್ ಅಂತಾರೆ!

ಇನ್ನು ತೊಂದರೆಗಳು. ಒಂದು ಪದ ತಿಳಿಯಲು ಇನ್ನೂ ನಾಲ್ಕು ಪದ ತೆಗೆಯಬೇಕಾಗುತ್ತದೆ. ಬ್ಲೋಔಟ್‌ಗೆ ಮುಂಚಿನ ಹಂತ ‘ಕಿಕ್’, ಅಂದರೆ ಪದರದ ಎಣ್ಣೆಯೋ ಗ್ಯಾಸೋ ನೀರೋ ಬಾವಿಯೊಳಕ್ಕೆ ಬರಲು ಶುರುವಾಗುವುದು. ಬಾವಿಯೊಳಗೆ ತುಂಬಿದ ಮಡ್‌ನ ಒತ್ತಡಕ್ಕಿಂತ ಕಲ್ಲಿನೊಳಗಿನ ಒತ್ತಡ ಜಾಸ್ತಿಯಾದರೆ ಕಿಕ್ ಬರುತ್ತದೆ. ಇದು ಗೊತ್ತಾಗಬೇಕಾದರೆ ಮೊದಲು ‘ಮಡ್’ ಅಂದರೆ ಸುಮ್ನೆ ಕೆಸರಲ್ಲ, ತೂಕ ನೋಡಿ ಕಲಸಿದ ಡ್ರಿಲ್ಲಿಂಗ್ ದ್ರವ ಅಂತ ಗೊತ್ತಿರಬೇಕು. ಹೊಸಬರಿಗೆ ಸುಸ್ತು. ಪದವನ್ನು ವಾಕ್ಯದಲ್ಲಿ ಬಳಸಿ ತೋರಿಸುವುದೂ ಕಡಿಮೆ. ಕನ್ನಡವಂತೂ ಇಲ್ಲ.

ಒತ್ತೆಲ್ಲಾ ಬಾವಿ, ಬಂಡೆ, ಡ್ರಿಲ್ಲಿಂಗ್ ಮೇಲೆಯೇ. ಹಾಗಾಗಿ ಮಂಗಳೂರಿನ ಎಂಆರ್‌ಪಿಎಲ್ ತರಹದ ರಿಫೈನರಿ ಕೆಲಸಕ್ಕೆ ಹೊರಟವರು ಕ್ರ್ಯಾಕಿಂಗ್, ರಿಫಾರ್ಮಿಂಗ್ ತರಹದ ಎಣ್ಣೆ ಸಂಸ್ಕರಣೆಯ ವಿಧಾನಗಳನ್ನು ತಿಳಿಯಲು ಬೇರೆ ಪುಸ್ತಕ ಹಿಡಿಯಿರಿ. ಗಲ್ಫ್‌ನ ರಿಗ್ ಕೆಲಸಕ್ಕೆ ಇಂಟರ್‌ವ್ಯೂ ಕೊಡುವವರು ಮಾತ್ರ ಇದನ್ನು ಫೋನ್‌ನಲ್ಲಿ ಬುಕ್‌ಮಾರ್ಕ್ ಮಾಡಿಟ್ಟುಕೊಳ್ಳಿ, ಕಿಕ್‌ನಿಂದಲೇ ಶುರು ಮಾಡಿ.