ಕಪನೂರಿನ ಅಳತೆ ಶಾಪ್: ದುಡ್ಡು ಜಾಸ್ತಿ, ಆದರೆ ಜಾಬ್ ಕೂರಿಸೋದು ಗೊತ್ತು

ಕಲಬುರಗಿಯಲ್ಲಿ ಜಾಬ್, ಅಂದರೆ ಮಷಿನ್ ಭಾಗ, ಮಾಡಿಕೊಡುವವರಿಗೆ ಬರವಿಲ್ಲ. ಹುಮನಾಬಾದ್ ರಸ್ತೆಯ ಕಪನೂರು ಇಂಡಸ್ಟ್ರಿಯಲ್ ಏರಿಯಾದೊಳಗೆ ಒಂದು ಸುತ್ತು ಹಾಕಿದರೆ ಲೇತು, ಮಿಲ್ಲಿಂಗ್, ವೆಲ್ಡಿಂಗ್ ಎಲ್ಲ ಸಿಗುತ್ತದೆ. ಆದರೆ ಮಾಡಿದ ಜಾಬನ್ನು ಡ್ರಾಯಿಂಗ್ ಪಕ್ಕಕ್ಕಿಟ್ಟುಕೊಂಡು ಅಳೆದು, ನಂಬುವಂಥ ರಿಪೋರ್ಟ್ ಕೊಡುವವರು ಕಡಿಮೆ. ಅಂಥ ಒಂದು ಸಿಎಂಎಂ (ಪ್ರೋಬ್ ಅನ್ನುವ ಕಡ್ಡಿ ತಾಗಿಸಿ ಜಾಬ್ ಅಳೆಯುವ ಮಷಿನ್) ಶಾಪ್ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕುತ್ತಿಲ್ಲ. "ಬ್ಯಾಡ್ರಿ ಸರ, ಈಗಿರೋ ಕೆಲಸಾನೇ ಮುಗೀವಲ್ದು" ಅಂತ ಮಾಲಕರೇ ಅಂದರು. ಏರಿಯಾದಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ.

ನಾನು ದಾಲ್ ಮಿಲ್‌ಗಳ ರೋಲರ್ ಮಷಿನ್‌ಗೆ ಬೇರಿಂಗ್ ಹೌಸಿಂಗ್ ಮಾಡಿಸಿ ಕೊಡುತ್ತೇನೆ. ತೊಗರಿ ಸುಗ್ಗಿ ಶುರುವಾದರೆ ಮಿಲ್ಲಿನವರು ಫೋನ್ ಇಡುವುದೇ ಇಲ್ಲ. ಅಂಥ ಹೊತ್ತಿನಲ್ಲಿ ಒಂದು ಲಾಟ್ ವಾಪಸ್ ಬಂತು. ಬೋರ್ (ಬೇರಿಂಗ್ ಕೂರುವ ದುಂಡು ತೂತು) ಜಾಗ ತಪ್ಪಿದೆ ಅಂತ ಷರಾ. ಬೇರೆ ಊರಿನ ಒಂದು ಕಡೆ ಅಳೆಸಿದ ರಿಪೋರ್ಟನ್ನೂ ಜೊತೆಗೆ ಪಿನ್ ಮಾಡಿದ್ದರು. ಅದೇ ಲಾಟಿನ ಜಾಬ್ ಹಿಡಿದುಕೊಂಡು ಇಲ್ಲಿಗೆ ಹೋದೆ.

ಬೇರೆ ಕಡೆ ಜಾಬ್ ಕೈಗೆ ಸಿಕ್ಕ ಕೂಡಲೇ ಕಲ್ಲಿನ ಟೇಬಲ್ ಮೇಲೆ ಇಟ್ಟು ಪ್ರೋಬ್ ಓಡಿಸಲು ಶುರು ಮಾಡುತ್ತಾರೆ. ಇಲ್ಲಿಯ ಹುಡುಗ ಜಾಬ್ ಕಡೆ ನೋಡಲೇ ಇಲ್ಲ. ಡ್ರಾಯಿಂಗ್ ಬಿಚ್ಚಿದ. ಮೂಲೆಯ ಟೈಟಲ್ ಬ್ಲಾಕಿನಲ್ಲಿ ಐಎಸ್‌ಒ ಪ್ರಕಾರವೋ, ಎಎಸ್‌ಎಂಇ ವೈ 14.5 ಪ್ರಕಾರವೋ (ಡ್ರಾಯಿಂಗ್ ಓದುವ ಎರಡು ಬೇರೆ ನಿಯಮ) ಅಂತ ಮೊದಲು ನೋಡಿಕೊಂಡ. ಆಮೇಲೆ ಬೋರ್ ಪಕ್ಕದ ಟಾಲರೆನ್ಸ್ ಡಬ್ಬಿಯ (ಎಷ್ಟು ಹೆಚ್ಚುಕಡಿಮೆ ನಡೆಯುತ್ತದೆ ಅಂತ ಬರೆದ ಚೌಕದ) ಮೇಲೆ ಪೆನ್ಸಿಲ್ ಇಟ್ಟು, "ಮಷಿನ್ಯಾಗ ಇದು ಮೊದ್ಲ ಯಾವ ಮಗ್ಗಲ ಮ್ಯಾಲ ಕುಂದರ್ತದ್ರಿ?" ಅಂತ ಕೇಳಿದ. ಇಡೀ ಶಾಪಿಗೆ ನಾನು ಮಾರ್ಕು ಕೊಟ್ಟಿದ್ದು ಆ ಒಂದು ಪ್ರಶ್ನೆಗೆ.

ಆ ಡಬ್ಬಿಯಲ್ಲಿ ಎಡದಿಂದ ಪೊಸಿಷನ್ ಗುರುತು, ವ್ಯಾಸ 0.2 (ಬೋರ್ ಸೆಂಟರ್ ಇರಬೇಕಾದ ವಲಯದ ಅಳತೆ, ಮಿ.ಮೀ.ನಲ್ಲಿ), ಆಮೇಲೆ ಎ, ಬಿ, ಸಿ ಅಂತ ಇತ್ತು. ಎ ಅಂದರೆ ತಳ, ಬಿ ಹಿಂಬದಿ, ಸಿ ಪಕ್ಕದ ಮೈ. ಎಡದಿಂದ ಬಲಕ್ಕೆ ಓದುವ ಆ ಸಾಲೇ ಜಾಬ್ ಕೂರಿಸುವ ಸಾಲು. ಅಕ್ಷರಮಾಲೆಗೂ ಇದಕ್ಕೂ ಸಂಬಂಧವಿಲ್ಲ. ಡಬ್ಬಿಯಲ್ಲಿ ಬಿ, ಎ, ಸಿ ಅಂತ ಇದ್ದರೆ ಬಿ ಮೈಯೇ ಮೊದಲು ಕೂರಬೇಕು. ಡೇಟಮ್ (ಅಳತೆಗೆ ಆಧಾರ ಹಿಡಿಯುವ ಮೈ) ಎ, ಬಿ, ಸಿ ಅಂದರೆ ಸುಮ್ನೆ ಮೂರು ಮೈಗೆ ಇಟ್ಟ ಹೆಸರು ಅಂದುಕೊಂಡವರು ನಮ್ಮ ಕಡೆ ಬಹಳ ಮಂದಿ ಇದ್ದಾರೆ.

ಗೋಡೆ ಮೂಲೆಗೆ ಅಲಮಾರಿ ಇಡುವುದನ್ನು ನೆನೆಸಿಕೊಳ್ಳಿ. ಮೊದಲು ಕಾಲು ನೆಲಕ್ಕೆ ಊರಬೇಕು. ಆಮೇಲೆ ಹಿಂದಿನ ಗೋಡೆಗೆ ತಳ್ಳುತ್ತೇವೆ, ಕೊನೆಗೆ ಪಕ್ಕದ ಗೋಡೆಗೆ ಸರಿಸುತ್ತೇವೆ. ಗೋಡೆ ಸೊಟ್ಟಗಿದ್ದರೆ ಹಿಂದೆ ಸಂದಿ ಉಳಿಯುತ್ತದೆ, ಇರಲಿ. ಗೋಡೆಗೆ ಪೂರ್ತಿ ಅಂಟಲಿ ಅಂತ ಹಟ ಹಿಡಿದರೆ ಕಾಲು ನೆಲ ಬಿಟ್ಟು ಏಳುತ್ತದೆ. ಜಾಬಿನಲ್ಲೂ ಹಾಗೆಯೇ. ಮೊದಲನೇ ಡೇಟಮ್‌ಗೆ ಕನಿಷ್ಠ ಮೂರು ಕಡೆ ತಾಗಬೇಕು. ಅಲ್ಲಿಗೆ ಮೇಲೆ-ಕೆಳಗೆ ಹೋಗುವುದು ನಿಂತಿತು, ಎರಡು ಕಡೆಯ ವಾಲಾಟವೂ ನಿಂತಿತು. ಎರಡನೆಯದು ಎರಡು ಕಡೆ ತಾಗಿದರೆ ಸಾಕು. ಅದರಿಂದ ಹಿಂದೆ ಮುಂದೆ ಹೋಗುವುದೂ ತಳದ ಮೇಲೆ ಗಿರ್ರನೆ ತಿರುಗುವುದೂ ನಿಲ್ಲುತ್ತದೆ. ಮೂರನೆಯದಕ್ಕೆ ಒಂದೇ ಬಿಂದು, ಪಕ್ಕಕ್ಕೆ ಸರಿಯುವುದಷ್ಟೇ ಬಾಕಿ. ಒಟ್ಟು ಆರೂ ಚಲನೆ ಬಂದ್.

ನಮ್ಮ ಹೌಸಿಂಗಿನ ಹಿಂಬದಿ ಮೈ 100 ಮಿ.ಮೀ. ಎತ್ತರ. ಅದು ತಳಕ್ಕೆ ಸ್ಕ್ವೇರ್ (ನೇರ 90 ಡಿಗ್ರಿ) ಇರುವುದರಲ್ಲಿ 0.1 ಮಿ.ಮೀ. ಹೆಚ್ಚುಕಡಿಮೆಗೆ ಡ್ರಾಯಿಂಗೇ ಒಪ್ಪಿತ್ತು. ಹುಡುಗ ಅಳೆದಾಗ ಹತ್ತಿರ ಹತ್ತಿರ ಅಷ್ಟೇ ಸಿಕ್ಕಿತು. ಹಿಂಬದಿ ಮೇಲ್ಗಡೆ ಸ್ವಲ್ಪ ಒಳಕ್ಕೆ ವಾಲಿತ್ತು. ಡ್ರಾಯಿಂಗ್ ಪ್ರಕಾರ ಅದು ತಪ್ಪಲ್ಲ. ಬೋರ್ ಸೆಂಟರ್ ತಳದಿಂದ 150, ಹಿಂಬದಿಯಿಂದ 80. ತಳ ಮೊದಲು ಕೂರಿಸಿ ಅಳೆದರೆ ಬೋರ್ ಸರಿಯಾಗಿ ತನ್ನ ಜಾಗದಲ್ಲೇ. ಹಿಂಬದಿ ಮೊದಲು ಕೂರಿಸಿದರೆ ಇಡೀ ಜಾಬು 100ಕ್ಕೆ 0.1ರಷ್ಟು ತಿರುಗುತ್ತದೆ. ಆಗ 150 ಎತ್ತರದ ಬೋರ್ ಅಡ್ಡಕ್ಕೆ 0.15 ಸರಿಯುತ್ತದೆ, ಮೇಲಕ್ಕೆ 0.08. ಎರಡನ್ನೂ ಸೇರಿಸಿದರೆ ಸೆಂಟರ್ ಸುಮಾರು 0.17 ದೂರ ಹೋಯಿತು. ಟಾಲರೆನ್ಸ್ ವಲಯದ ಲೆಕ್ಕ ವ್ಯಾಸದಲ್ಲಿ ಇರುವುದರಿಂದ ದುಪ್ಪಟ್ಟು ಮಾಡಬೇಕು: 0.34. ಒಪ್ಪಿದ್ದು 0.2. ರಿಜೆಕ್ಟ್!

ಅದೇ ಜಾಬು, ಅದೇ ಬೋರು. ಪಿನ್ ಮಾಡಿ ಕಳಿಸಿದ ರಿಪೋರ್ಟಿನ ಅಲೈನ್‌ಮೆಂಟ್ ಸಾಲು ನೋಡಿದರೆ ಜಾಬ್ ಕೂರಿಸಿದ್ದು ಬಿ ಮೊದಲು, ಎ ಆಮೇಲೆ. ಮಿಲ್ಲಿನಲ್ಲಿ ಈ ಹೌಸಿಂಗ್ ತಳವನ್ನು ನಾಲ್ಕು ಬೋಲ್ಟ್ ಹಾಕಿ ಫ್ರೇಮಿಗೆ ಬಿಗಿಯುತ್ತಾರೆ. ಹಿಂಬದಿ ಸ್ಟಾಪರಿಗೆ ತಾಗಿದರೆ ಸಾಕು. ಬೋಲ್ಟ್ ಬಿಗಿದ ಮೇಲೆ ತಳ ಏಳುವ ಮಾತೆಲ್ಲಿ ಬಂತು? ಡ್ರಾಯಿಂಗ್ ಬರೆದವರು ತಳಕ್ಕೆ ಮೊದಲ ಜಾಗ ಕೊಟ್ಟಿದ್ದೇ ಅದಕ್ಕೆ. ಕಪನೂರಿನ ರಿಪೋರ್ಟ್ ಕಳಿಸಿದೆ, ಗಿರಾಕಿ ಲಾಟ್ ತೆಗೆದುಕೊಂಡರು.

ಕೆಲಸ ಮಾಡುವ ರೀತಿಯೂ ಚೆನ್ನಾಗಿದೆ. ಜಾಬನ್ನು ಗ್ರಾನೈಟ್ ಮೇಲೆ ಇಟ್ಟು ನಾಲ್ಕು ಮೂಲೆಗೂ ಹೆಬ್ಬೆರಳು ಒತ್ತಿದ. ಒಂದು ಮೂಲೆಯಲ್ಲಿ ಟಕ್ ಅಂತ ಸಣ್ಣ ಸದ್ದು. ತಕ್ಷಣ ಎತ್ತಿ ತಳಕ್ಕೆ ಬೆರಳಾಡಿಸಿದ, ಬೋಲ್ಟ್ ತೂತಿನ ಅಂಚಿನಲ್ಲಿ ಬರ್ (ಕೊರೆದಾಗ ಉಳಿದ ಲೋಹದ ಮುಳ್ಳು) ಇತ್ತು. ಎಣ್ಣೆ ಕಲ್ಲಿನಿಂದ ಉಜ್ಜಿ, ಒರೆಸಿ, ಮತ್ತೆ ಇಟ್ಟ. ಈಗ ಸದ್ದಿಲ್ಲ. ಆಮೇಲೇ ಪ್ರೋಬಿನ ತುದಿಯ ಕೆಂಪು ಗುಂಡು ಕೆಳಗಿಳಿದಿದ್ದು.

ಇನ್ನು ತಕರಾರು. ಮೊದಲನೆಯದು ದೊಡ್ಡದೇ. ಸಾಫ್ಟ್‌ವೇರ್ ತಾಗಿದ ಬಿಂದುಗಳಿಂದೆಲ್ಲ ಸರಾಸರಿ ತೆಗೆದು ತಳದ ಸಮತಲ ಎಳೆಯುತ್ತದೆ. ಫ್ರೇಮ್ ಮೇಲೆ ಜಾಬು ಕೂರುವುದು ಸರಾಸರಿಯ ಮೇಲಲ್ಲ, ಉಬ್ಬಿದ ಜಾಗಗಳ ಮೇಲೆ. ಎರಕದ ತಳದಲ್ಲಿ ಇವೆರಡಕ್ಕೂ ಮಿ.ಮೀ.ನ ಎರಡು-ಮೂರು ನೂರಾಂಶ ವ್ಯತ್ಯಾಸ ಬರಬಹುದು. ಉಬ್ಬು ಬಿಂದು ಹಿಡಿದು ಲೆಕ್ಕ ಹಾಕುವ ಆಯ್ಕೆ ಅವರ ಮಷಿನ್‌ನಲ್ಲಿದೆ. ಆದರೆ ನಾವೇ ಬಾಯಿಬಿಟ್ಟು ಕೇಳಬೇಕು. ಇಷ್ಟು ತಿಳಿದವರು ಇದನ್ನೂ ತಾವಾಗೇ ಕೇಳಬೇಕಿತ್ತು, ಅಲ್ವಾ?

ಎರಡನೆಯದು ಕರೆಂಟು. ಅಳತೆಗೆ ಒಪ್ಪಿದ ಉಷ್ಣತೆ 20 ಡಿಗ್ರಿ. ಮೇ ತಿಂಗಳ ಕಲಬುರಗಿ ಗೊತ್ತಲ್ಲ, 40 ದಾಟುತ್ತದೆ. 20 ಡಿಗ್ರಿ ಹೆಚ್ಚಾದರೆ ಎರಕದ ಕಬ್ಬಿಣದ 150 ಮಿ.ಮೀ. ಉದ್ದ ಸುಮಾರು 0.03 ಬೆಳೆಯುತ್ತದೆ. ಎಸಿ ಕೋಣೆ ಇದೆ, ಜಾಬನ್ನು ಒಳಗಿಟ್ಟು ತಣಿಯಲು ಬಿಡುತ್ತಾರೆ, ಅದು ಸರಿ. ಆದರೆ ಕರೆಂಟ್ ಹೋದರೆ ಯುಪಿಎಸ್ ಮೇಲೆ ಕಂಪ್ಯೂಟರ್ ಮಾತ್ರ ನಡೆಯುತ್ತದೆ, ಎಸಿ ನಡೆಯುವುದಿಲ್ಲ. ಬೇಸಿಗೆಯಲ್ಲಿ 0.02 ಮಿ.ಮೀ. ಟಾಲರೆನ್ಸಿನ ಕೆಲಸ ಇದ್ದರೆ ಬೆಳಿಗ್ಗೆ ಬೇಗ ಹೋಗಿ.

ಪಾರ್ಕಿಂಗ್ ಇಲ್ಲ. ಚಹಾ ಕೊಡುತ್ತಾರೆ.

ದರ ಗಂಟೆ ಲೆಕ್ಕ. ಸೆಟಪ್ ಸಮಯವನ್ನೂ ಸೇರಿಸುತ್ತಾರೆ, ಹಾಗಾಗಿ ಒಂದೇ ಜಾಬ್ ಅಳೆಸಿದರೆ ತುಟ್ಟಿ ಅನ್ನಿಸುತ್ತದೆ. ಒಂದೇ ತರಹದ ನಾಲ್ಕಾರು ಒಟ್ಟಿಗೆ ಒಯ್ದರೆ ಗಿಟ್ಟುತ್ತದೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.

ಹೋಗುವವರು ಡ್ರಾಯಿಂಗಿನ ಕೊನೆಯ ರಿವಿಜನ್ ಒಯ್ಯಿರಿ, ವಾಟ್ಸಾಪ್ ಫೋಟೋ ಬೇಡ, ಡಬ್ಬಿಯೊಳಗಿನ ಅಕ್ಷರ ಕಾಣುವುದಿಲ್ಲ. ಜಾಬು ಎಲ್ಲಿ, ಹೇಗೆ ಬಿಗಿಯುತ್ತಾರೆ ಅನ್ನುವುದನ್ನೂ ಕೇಳಿಕೊಂಡು ಹೋಗಿ, ಹುಡುಗ ಕೇಳೇ ಕೇಳುತ್ತಾನೆ. ಬರ್ ಮನೆಯಲ್ಲೇ ತೆಗೆದುಬಿಡಿ. ಅವನು ಎಣ್ಣೆ ಕಲ್ಲು ಹಿಡಿದು ಉಜ್ಜಿದ ಹೊತ್ತೂ ಬಿಲ್ಲಿನಲ್ಲಿ ಬರುತ್ತದೆ.